ಹಳದಿ ಹೂ, ಕೆಂಪು ಶಾಯಿ

ಗುರ್ರಣ್ಣನ ಸರ್ವಿಸ್ ಪುಸ್ತಕವನ್ನು ನೀವು ನೋಡಿಲ್ಲ. ನೋಡಬೇಕಿತ್ತು. ರಟ್ಟಿನ ಮೂಲೆಯನ್ನು ಜಿರಳೆ ತಿಂದಿತ್ತು, ಹೊಲಿಗೆ ಸಡಿಲವಾಗಿತ್ತು, ಮೊದಲ ಪುಟದ ಫೋಟೋದಲ್ಲಿ ಅವನಿಗೆ ತಲೆತುಂಬ ಕೂದಲಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷ ನಾಲ್ಕು ತಿಂಗಳ ಆ ಪುಸ್ತಕವನ್ನು ದೀಪ ಹಿಡಿದು ಹುಡುಕಿದರೂ ಒಂದು ಚುಕ್ಕೆ ಕೆಂಪು ಶಾಯಿ ಸಿಗುತ್ತಿರಲಿಲ್ಲ. ನೌಕರರು ಮಾಡಿದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಬರೆಯುವುದು ಅವನ ಕಚೇರಿಯ ಪದ್ಧತಿ. ತಡವಾಗಿ ಬಂದರೆ ಒಂದು ಸಾಲು, ಎದುರು ಮಾತಾಡಿದರೆ ಎರಡು ಸಾಲು, ಕಚೇರಿ ಸಾಮಾನು ಹಾಳು ಮಾಡಿದರೆ ಅರ್ಧ ಪುಟ. ಅದನ್ನೆಲ್ಲ ಬರೆಯುವ ಗುಮಾಸ್ತನ ಸ್ವಂತ ಪುಸ್ತಕ ಬಿಚ್ಚಿದರೆ ಟೊಮೇಟೊ ಬುಟ್ಟಿ ಮಗುಚಿದ ಹಾಗೆ ಕಾಣುತ್ತಿತ್ತು. ಗುರ್ರಣ್ಣನದು ಮಾತ್ರ ತೊಳೆದಿಟ್ಟ ತಟ್ಟೆ.

ಗುರ್ರಣ್ಣ ಎನ್ನುವುದು ಅವನ ತಂದೆ ತಾಯಿ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಊರಿನ ದೊಡ್ಡ ಮೈದಾನದಲ್ಲಿ ಹುಲ್ಲು ಕತ್ತರಿಸುವ ಮಷಿನ್ ಓಡಿಸುವುದು ಅವನ ಕೆಲಸ. ಬೆಳಿಗ್ಗೆ ಏಳಕ್ಕೆ ಗುರ್ರ್ ಎಂದರೆ ಮಧ್ಯಾಹ್ನ ಒಂದರವರೆಗೂ ಗುರ್ರ್. ಆ ಸದ್ದಿನ ಮೇಲೆ ಕೂತು ಕೂತು ಅವನೂ ಜೋರಾಗಿಯೇ ಮಾತಾಡುತ್ತಿದ್ದ. ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಪಕ್ಕದ ಮನೆಯಾಕೆ ಉತ್ತರ ಕೊಡುತ್ತಿದ್ದಳು.

ಈ ಕ್ಲೀನ್ ಪುಸ್ತಕದ ಬಗ್ಗೆ ಅವನಿಗಿದ್ದ ಹೆಮ್ಮೆಗೆ ಒಂದು ಕಾರಣವಿತ್ತು. ಆ ಕಾರಣ ಅವನ ಮನೆಯಲ್ಲೇ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ ಹನ್ನೊಂದು ವರ್ಷದಿಂದ ಕೂತಿತ್ತು. ಅವರು ಅವನ ಮಾವ.

ಮಾವ ನಲವತ್ತೈದು ವರ್ಷ ಟೈಲರ್ ಆಗಿದ್ದವರು. ಸೂಜಿ ಚುಚ್ಚಿ ಚುಚ್ಚಿ ಅವರ ಹೆಬ್ಬೆರಳು ಜರಡಿಯಾಗಿತ್ತು. ಆ ಬೆರಳನ್ನು ಎತ್ತಿ ಹಿಡಿದು ಅವರು ಒಂದು ಸಿದ್ಧಾಂತ ಮಂಡಿಸುತ್ತಿದ್ದರು. "ಕೆಲಸ ಮಾಡೋನ ಕೈಲಿ ತಪ್ಪಾಗುತ್ತಮ್ಮಾ. ನಾನು ಮೂರು ಕೋಟು ಕೆಡಿಸಿದ್ದೀನಿ, ಹೆಮ್ಮೆಯಿಂದ ಹೇಳ್ತೀನಿ. ಒಂದು ವಕೀಲರದ್ದು, ಒಂದು ಡಾಕ್ಟರದ್ದು, ಒಂದು ಬ್ಯಾಂಡಿನವನದ್ದು. ನಿನ್ನ ಗಂಡ ಮೂವತ್ತು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ವಂತೆ. ಏನರ್ಥ? ಕೆಲಸಾನೇ ಮಾಡಿಲ್ಲ ಅಂತರ್ಥ!"

ಇದನ್ನು ಅವರು ಮಗಳಿಗೆ ಹೇಳುತ್ತಿದ್ದರು, ಅಳಿಯ ಎದುರಿಗೇ ಕೂತಿರುವಾಗ. ಅಳಿಯನ ಜೊತೆ ನೇರವಾಗಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. "ಇವ್ನು" ಎನ್ನುವರು, "ನಿನ್ನ ಗಂಡ" ಎನ್ನುವರು. ಅದೇ ದೊಡ್ಡಳಿಯ ಬಂದರೆ ಕುರ್ಚಿಯ ಮೇಲಿನ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು. "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ ಅಳಿಯಂದ್ರೇ!" ದೊಡ್ಡಳಿಯ ಬೇಕರಿಯವನು. ಒಂದು ಸಲ ಇಡೀ ಬೇಕರಿಗೇ ಬೆಂಕಿ ಹತ್ತಿಸಿಕೊಂಡಿದ್ದ. ಮಾವನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಯೋಗ್ಯತಾಪತ್ರ ಇನ್ನೊಂದಿಲ್ಲ.

ಇನ್ನೂ ಒಂದು ವಿಷಯ ಹೇಳಿಬಿಡಬೇಕು. ಗುರ್ರಣ್ಣನ ಎಡಗೈ ಬಲಗೈಗಿಂತ ಎರಡು ಬೆರಳು ಉದ್ದ. ಇದು ಅವನಿಗೆ ತಿಳಿದದ್ದು ಮದುವೆಯ ದಿನ. ಮಾವ ಹೊಲಿದುಕೊಟ್ಟ ಮದುವೆ ಕೋಟನ್ನು ತೊಟ್ಟು ನಿಂತರೆ ಎಡತೋಳು ಮಣಿಕಟ್ಟಿನಿಂದ ಎರಡು ಬೆರಳು ಮೇಲಕ್ಕೇ ನಿಂತಿತ್ತು. ಮಾವ ಟೇಪನ್ನು ಕೊರಳಿಗೆ ಹಾಕಿಕೊಂಡು, ಎಲ್ಲರೆದುರು ತೀರ್ಪು ಕೊಟ್ಟರು: "ಕೋಟು ಸರಿಯಾಗಿದೆ. ಹುಡುಗನ ಕೈಯೇ ಉದ್ದ." ಟೈಲರ್ ಹೇಳಿದ ಮೇಲೆ ಮುಗಿಯಿತು. ಅಂದಿನಿಂದ ಗುರ್ರಣ್ಣ ನಾಲ್ಕು ಜನ ಸೇರಿದ ಕಡೆ ಎಡಗೈಯನ್ನು ಜೇಬಿಗೆ ಇಳಿಸಿಕೊಂಡೇ ನಿಲ್ಲುತ್ತಿದ್ದ.

ರಿಟೈರ್ ಆಗುವುದಕ್ಕೆ ಎಂಟು ತಿಂಗಳಿತ್ತು. ಆ ದಿನ ಪುಸ್ತಕದ ಕೊನೆಯ ಪುಟಕ್ಕೆ ಕಟ್ಟು ಹಾಕಿಸಿ, ಮಾವನ ಕುರ್ಚಿಯ ನೇರ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಬೇಕು ಎನ್ನುವುದು ಅವನ ಬಾಳಿನ ಏಕೈಕ ಯೋಜನೆ. ಮೊಳೆಯನ್ನು ಆಗಲೇ ತಂದಿಟ್ಟಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಾವ ಹೊಸದೊಂದು ಬಾಣ ಬಿಟ್ಟರು. "ಅಲ್ಲಮ್ಮಾ, ಹುಲ್ಲು ತಾನಾಗೇ ಬೆಳೆಯುತ್ತೆ, ಬೇಸಿಗೇಲಿ ತಾನಾಗೇ ಒಣಗುತ್ತೆ. ಮಧ್ಯದಲ್ಲಿ ನಿನ್ನ ಗಂಡಂದು ಏನು ಕೆಲಸ?"

ಗುರ್ರಣ್ಣನಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಯಾವಾಗಲೂ ಅವನಿಗೆ ಮೂರು ತಾಸು ತಡವಾಗಿ ಹೊಳೆಯುತ್ತಿತ್ತು. ಅವತ್ತೂ ಅಷ್ಟೇ. ಮೈದಾನದ ಹೊರ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬರುವುದು ಅವನ ಕ್ರಮ. ಒಂಬತ್ತನೆಯ ಸುತ್ತಿನ ಮೂಲೆಯಲ್ಲಿ, ಹುಲ್ಲಿನೊಳಗೆ ಅಡಗಿದ ಒಂದು ಕಬ್ಬಿಣದ ಪೈಪಿನ ಮೋಟು ಇತ್ತು. ಯಾವ ಕಾಲದ್ದೋ ಗೋಲು ಕಂಬದ ಬುಡ. ಅಲ್ಲಿಗೆ ಬಂದಾಗ ಲಿವರ್ ಎತ್ತಿ ಬ್ಲೇಡನ್ನು ಮೇಲಕ್ಕೆ ತಂದು, ಪೈಪಿನ ಸುತ್ತ ನಾಜೂಕಾಗಿ ಸುತ್ತಿಸಿ, ಮತ್ತೆ ಇಳಿಸುವುದು ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಅವತ್ತು ಸರಿಯಾಗಿ ಅದೇ ಜಾಗದಲ್ಲಿ ಉತ್ತರ ಹೊಳೆಯಿತು. ಅದ್ಭುತವಾದ ಉತ್ತರ. ಮಾವ ಒಂದು ವಾರ ಬಾಯಿ ಬಿಡದಂಥ ಉತ್ತರ. "ಆಹಾ!" ಎಂದು ಅವನು ತೊಡೆ ತಟ್ಟಿಕೊಂಡ.

ಟಣ್!

ಬ್ಲೇಡು ಬಾಗಿತು. ಉತ್ತರವೂ ಮರೆತುಹೋಯಿತು. ಅದು ಇವತ್ತಿನವರೆಗೂ ಅವನಿಗೆ ಮತ್ತೆ ನೆನಪಾಗಿಲ್ಲ.

ಹೊಸ ಬ್ಲೇಡು ಬೇಕೆಂದರೆ ಫಾರಂ ತುಂಬಬೇಕು. ಫಾರಮ್ಮಿನಲ್ಲಿ "ಹಾನಿಗೆ ಕಾರಣ" ಎನ್ನುವ ಜಾಗ ಇದೆ. ಅಲ್ಲಿ ಏನು ಬರೆದರೂ ಅದು ಅರ್ಧ ಪುಟ ಕೆಂಪು ಶಾಯಿಯಾಗಿ ಬಂದು ಕೂರುತ್ತದೆ. ಗುರ್ರಣ್ಣ ಬ್ಲೇಡನ್ನು ಬಿಚ್ಚಿ, ಚೀಲಕ್ಕೆ ಹಾಕಿಕೊಂಡು, ವೆಲ್ಡಿಂಗ್ ಅಂಗಡಿಗೆ ಹೋಗಿ ಬಡಿಸಿಕೊಂಡು ಬಂದ. ಬ್ಲೇಡು ನೆಟ್ಟಗಾಯಿತು, ಎದೆ ಮಾತ್ರ ನೆಟ್ಟಗಾಗಲಿಲ್ಲ. ಅಂದಿನಿಂದ ಆ ಪೈಪಿನ ಹತ್ತಿರಕ್ಕೆ ಅವನು ಹೋಗಲೇ ಇಲ್ಲ. ಎರಡು ಮಾರು ದೂರದಿಂದಲೇ ಸುತ್ತುಹಾಕಿ ಹೋಗುವನು. ಹೀಗಾಗಿ ಬೋಳಿಸಿದ ಕೆನ್ನೆಯಂಥ ಮೈದಾನದ ಮೂಲೆಯಲ್ಲಿ ಮರೆತುಬಿಟ್ಟ ಗಡ್ಡದ ಹಾಗೆ ಒಂದು ದುಂಡನೆಯ ಜಾಗ ಬೆಳೆಯತೊಡಗಿತು.

ಎರಡು ವಾರಕ್ಕೆ ಅಲ್ಲಿ ಹಳದಿ ಹೂ ಬಿಟ್ಟಿತು.

ಆ ಗಿಡ ನಿಮಗೂ ಗೊತ್ತು. ಎಲೆ ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ. ನಡುವಿನಿಂದ ಬರಿ ಕಡ್ಡಿ ಒಂದು ಎದ್ದು, ತುದಿಯಲ್ಲಿ ಅಂಗಿ ಗುಂಡಿಯಷ್ಟು ಹಳದಿ ಹೂ ಇಟ್ಟುಕೊಂಡು ನಿಲ್ಲುತ್ತದೆ. ಹೂ ಮುದಿಯಾದರೆ ಬಿಳಿ ಹತ್ತಿ. ಉಫ್ ಎಂದರೆ ಊರೆಲ್ಲ ಬೀಜ. ರಸ್ತೆ ಬದಿ, ಆಸ್ಪತ್ರೆ ಗೋಡೆಯ ಬಿರುಕು, ಬಸ್ ಸ್ಟ್ಯಾಂಡಿನ ಹಿಂದುಗಡೆ, ಎಲ್ಲಿ ಬೇಡವೋ ಅಲ್ಲೆಲ್ಲ ಅದು. ಅದಕ್ಕೊಂದು ಹೆಸರಿಡುವ ಪುರಸೊತ್ತು ಆ ಊರಿನಲ್ಲಿ ಯಾರಿಗೂ ಆಗಿರಲಿಲ್ಲ. "ಕಳೆ" ಎಂದರೆ ಸಾಕಾಗುತ್ತಿತ್ತು.

ಒಂದು ದಿನ ಸೂಪರ್‌ವೈಸರ್ ಸೈಕಲ್ ನಿಲ್ಲಿಸಿ ಮೈದಾನಕ್ಕೆ ಬಂದರು. ಹಳದಿ ಮೂಲೆಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನಯ್ಯಾ ಇದು? ಇಲ್ಲಿ ಯಾಕೆ ಕತ್ತರಿಸಿಲ್ಲ?"

ಗುರ್ರಣ್ಣನ ಕಣ್ಣಮುಂದೆ ಅರ್ಧ ಪುಟ ಕೆಂಪು ಶಾಯಿ ಕುಣಿಯಿತು. ಅದರ ಹಿಂದೆ ಮಾವನ ಹೆಬ್ಬೆರಳು ಕುಣಿಯಿತು.

"ಬಿಟ್ಟಿದ್ದೀನಿ ಸಾರ್."

"ಬಿಟ್ಟಿದ್ದೀಯಾ?"

"ಬೇಕೂಂತಲೇ ಬಿಟ್ಟಿದ್ದೀನಿ ಸಾರ್. ಈ ಗಿಡ ಉಳಿಸಬೇಕಲ್ವಾ ಸಾರ್... ಆರ್ಡರ್ ಬಂದಿದೆಯಲ್ಲ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬಾಯಿಗೆ ಬಂದದ್ದು ಹೊರಗೆ ಬಿದ್ದಿತ್ತು. ಇನ್ನೇನು ಬೈಗುಳ ಬೀಳುತ್ತದೆ ಎಂದು ಅವನು ಕಣ್ಣು ಮುಚ್ಚಿದ. ಬೀಳಲಿಲ್ಲ. ತೆರೆದು ನೋಡಿದರೆ ಸೂಪರ್‌ವೈಸರ್ ಮುಖ ಬಿಳಿಚಿಕೊಂಡಿತ್ತು. ಪಾಪ, ಅವರಿಗೂ ಅವರದೇ ಒಂದು ಗುಟ್ಟಿತ್ತು. ಮೇಲಿನಿಂದ ಬಂದ ಆರ್ಡರುಗಳನ್ನು ಅವರು ಎರಡು ವರ್ಷದಿಂದ ಓದಿರಲಿಲ್ಲ. ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ಟೀ ಫ್ಲಾಸ್ಕಿನ ಕೆಳಗೆ ಇಟ್ಟಿದ್ದರು.

"ಗೊತ್ತು ಗೊತ್ತು!" ಎಂದರು ಸೂಪರ್‌ವೈಸರ್. "ನಿನಗೆ ಗೊತ್ತಿದೆಯೋ ಇಲ್ವೋ ಅಂತ ನೋಡ್ದೆ. ಭೇಷ್. ಮುಟ್ಟಬೇಡ ಅದನ್ನ."

ಅವರು ಅಲ್ಲಿಂದ ನೇರ ಹೋದದ್ದು ದೊಡ್ಡ ಸಾಹೇಬರ ಕೋಣೆಗೆ. ತಾವು ಓದಿಲ್ಲ ಎಂದು ಹೇಳುವ ಹಾಗಿಲ್ಲವಲ್ಲ, ಆದ್ದರಿಂದ "ಆ ಹಳದಿ ಗಿಡದ ಆರ್ಡರ್ ಪ್ರಕಾರ ಕೆಲಸ ಶುರುಮಾಡಿದ್ದೀವಿ ಸಾರ್" ಎಂದರು. ದೊಡ್ಡ ಸಾಹೇಬರು ಒಂದು ಕ್ಷಣ ಪೆನ್ನು ಹಿಡಿದುಕೊಂಡೇ ಕೂತರು. ಅವರ ಮೇಜಿನ ಮೇಲೆ ಟೀ ಫ್ಲಾಸ್ಕ್ ಇರಲಿಲ್ಲ. ಓದದ ಕಾಗದ ಇಡಲು ಅವರಿಗೆ ಒಂದು ಬೀರುವೇ ಇತ್ತು. "ಇಷ್ಟು ತಡವಾಗಿ ಶುರುಮಾಡಿದ್ರಾ?" ಎಂದು ಗದರಿದರು.

ಮಾರನೆಯ ದಿನ ಅವರೇ ಮೈದಾನಕ್ಕೆ ಬಂದರು. ಗುಮಾಸ್ತ ನೋಟ್‌ಬುಕ್ ಹಿಡಿದು ಹಿಂದೆ ನಿಂತ. ಗುರ್ರಣ್ಣ ಎಡಗೈಯನ್ನು ಜೇಬಿಗೆ ಇಳಿಸಿದ.

"ಎಷ್ಟಿವೆ?"

"ಇಪ್ಪತ್ತಮೂರು ಸಾರ್." ಅವನು ಎಣಿಸಿರಲಿಲ್ಲ.

"ಹೋದ ವರ್ಷ ಎಷ್ಟಿತ್ತು?"

"ಹೋದ ವರ್ಷ ಒಂದೂ ಇರ್ಲಿಲ್ಲ ಸಾರ್." ಇದು ಮಾತ್ರ ಸತ್ಯ. ಹೋದ ವರ್ಷ ಅವನು ಕತ್ತರಿಸುತ್ತಿದ್ದ.

ದೊಡ್ಡ ಸಾಹೇಬರ ಮುಖ ಅರಳಿತು. "ಬರ್ಕೊಳ್ರಿ! ಹೋದ ವರ್ಷ, ಅಂದ್ರೆ ನಾನು ಬರೋಕೆ ಮುಂಚೆ, ಸೊನ್ನೆ. ನಾನು ಬಂದ ಮೇಲೆ ಇಪ್ಪತ್ತಮೂರು!"

ಬೇಲಿ ಹಾಕಲು ಇಬ್ಬರು ಕೆಲಸದವರು ಬಂದರು. ಹುಲ್ಲು ಸರಿಸಿದಾಗ ಪೈಪಿನ ಮೋಟು ಸಿಕ್ಕಿತು. ಇನ್ನು ಸಿಕ್ಕಿಬಿದ್ದೆ ಎಂದುಕೊಂಡ ಗುರ್ರಣ್ಣ. ಆದರೆ ದೊಡ್ಡ ಸಾಹೇಬರು ಮೊಣಕಾಲೂರಿ ಅದನ್ನು ಮುಟ್ಟಿ ನೋಡಿ, ಗಂಭೀರವಾಗಿ ಎದ್ದರು. "ನೋಡಿದ್ರಾ? ನಮ್ಮ ಹಿಂದಿನವರು ಆಗಲೇ ಈ ಜಾಗಕ್ಕೆ ಗುರುತು ನೆಟ್ಟಿದ್ದಾರೆ. ನಮಗೆ ಕಣ್ಣಿರಲಿಲ್ಲ, ಅಷ್ಟೇ."

"ಸಾರ್, ಅದು ಗೋಲು ಕಂಬದ್ದು..." ಎಂದ ಗುರ್ರಣ್ಣ.

"ನೀವು ಸುಮ್ನಿರಿ. ಅದಕ್ಕೆ ಕೆಂಪು ಬಿಳಿ ಪೇಂಟ್ ಹೊಡೀರಿ!"

ಬೇಲಿ ಎದ್ದಿತು, ಪೈಪಿಗೆ ಬಣ್ಣ ಬಂತು, "ಮುಟ್ಟಬಾರದು" ಎಂಬ ಬೋರ್ಡು ಬಂತು. ನಡುವೆ ಒಂದೇ ಒಂದು ತೊಡಕು ಬಂದದ್ದು ಕಾಲೇಜಿನಿಂದ. ಗಿಡದ ಬಗ್ಗೆ ವರದಿ ಬೇಕೆಂದು ಸಸ್ಯಶಾಸ್ತ್ರದ ಮೇಡಂ ಒಬ್ಬರನ್ನು ಕರೆಸಿದ್ದರು. ಆಕೆ ಬೇಲಿಯ ಹೊರಗೆ ನಿಂತು ನೋಡಿದರು, ಬೇಲಿಯೊಳಗೆ ನೋಡಿದರು, ಕೊನೆಗೆ ತಮ್ಮ ಚಪ್ಪಲಿಯ ಕೆಳಗೆ ನೋಡಿದರು. ಅಲ್ಲೂ ಒಂದು ಇತ್ತು.

"ಇದು ಎಲ್ಲಾ ಕಡೆ ಇರೋ ಗಿಡ ಸಾರ್. ತುಂಬಾ ಸಾಮಾನ್ಯ. ಇದಕ್ಕೆ ಬೇಲಿ ಯಾಕೆ?"

ದೊಡ್ಡ ಸಾಹೇಬರು ನಕ್ಕರು. "ಮೇಡಂ, ಇಷ್ಟು ಸಾಮಾನ್ಯ ಆಗಿದ್ರೆ ಇದುವರೆಗೆ ಯಾರಾದ್ರೂ ಇದರ ಮೇಲೆ ವರದಿ ಬರೆದಿದ್ದಾರಾ ಈ ಊರಲ್ಲಿ?"

"ಇಲ್ಲ, ಯಾಕಂದ್ರೆ ಅದು..."

"ಅಂದ್ರೆ ನಿಮ್ಮದೇ ಮೊದಲನೇದು. ವರದಿ ಇರೋ ಗಿಡ ಸಾಮಾನ್ಯ ಹೇಗಾಗುತ್ತೆ ಮೇಡಂ?"

ಮೇಡಂ ಆಟೋ ಹತ್ತಿ ಹೋದರು.

ಸುದ್ದಿ ಬೀದಿಗೆ ಬಂತು. ಗುರ್ರಣ್ಣನ ಪಕ್ಕದ ಮನೆಯಾಕೆ ಪ್ರತಿ ಭಾನುವಾರ ತನ್ನ ಅಂಗಳದ ಆ ಕಳೆಯನ್ನು ಬುಡಸಮೇತ ಕಿತ್ತು, ಗೋಡೆಯಾಚೆ ಗುರ್ರಣ್ಣನ ಅಂಗಳಕ್ಕೆ ಎಸೆಯುತ್ತಿದ್ದಳು. ಈಗ ಹಿತ್ತಾಳೆ ಕುಂಡದಲ್ಲಿ ಅದನ್ನೇ ನೆಟ್ಟು ಜಗಲಿಯಲ್ಲಿಟ್ಟಳು. "ಇದು ನಮ್ಮ ಮನೇಲಿ ಮೊದಲಿಂದ್ಲೂ ಇದೆ" ಎಂದು ಬಂದವರಿಗೆಲ್ಲ ಹೇಳಿದಳು. ಸಾಲದ್ದಕ್ಕೆ, ಗೋಡೆಯಾಚೆ ಎಸೆದಿದ್ದೆಲ್ಲ ತನ್ನದೇ, ವಾಪಸು ಕೊಡಿ ಎಂದು ಗುರ್ರಣ್ಣನ ಹೆಂಡತಿಯ ಜೊತೆ ಜಗಳಕ್ಕೆ ನಿಂತಳು.

"ತಗೊಂಡು ಹೋಗಮ್ಮಾ," ಎಂದಳು ಇವಳು ಪಾತ್ರೆ ಉಜ್ಜುತ್ತಲೇ. "ಜೊತೆಗೆ ನಾಲ್ಕು ವರ್ಷದಿಂದ ನೀನು ಎಸೆದ ಮೊಟ್ಟೆ ಸಿಪ್ಪೇನೂ ಇದೆ. ಅದಕ್ಕೂ ಬೇಲಿ ಹಾಕ್ಸು."

ಹೂ ಮುದಿಯಾಯಿತು, ಹತ್ತಿಯಾಯಿತು. ಗಾಳಿ ಬೀಸಿತು. ಗಾಳಿಗೆ ಬೇಲಿ ಗೊತ್ತೇ? ಒಂದೇ ತಿಂಗಳಲ್ಲಿ ಮೈದಾನದ ತುಂಬ ಹಳದಿ. ಹೊಸ ಆರ್ಡರ್ ಹೊರಟಿತು, ಈ ಸಲ ನಿಜವಾದದ್ದು: ಇಡೀ ಮೈದಾನದಲ್ಲಿ ಹುಲ್ಲು ಕತ್ತರಿಸುವಂತಿಲ್ಲ. ಫುಟ್‌ಬಾಲ್ ಆಡುವವರು ರಸ್ತೆಗೆ ಬಂದರು. ವಾಕಿಂಗಿಗೆ ಬರುವ ಮುದುಕರು ಗೋಡೆಗೆ ಮೈ ಒತ್ತಿಕೊಂಡು ಒಬ್ಬರ ಹಿಂದೊಬ್ಬರು ರೈಲಿನಂತೆ ನಡೆದರು. ಮಷಿನಿಗೆ ಟಾರ್ಪಾಲು ಹೊದಿಸಿ ಶೆಡ್ಡಿನಲ್ಲಿಟ್ಟರು. ಗುರ್ರಣ್ಣನಿಗೆ ಒಂದು ಸ್ಟೂಲು, ಒಂದು ಸೀಟಿ ಕೊಟ್ಟರು. ಹೂವಿನ ಹತ್ತಿರ ಯಾರಾದರೂ ಬಂದರೆ ಊದಬೇಕು.

ಆರು ತಿಂಗಳು ಊದಿದ. ಗುರ್ರ್ ಎನ್ನುತ್ತಿದ್ದವನು ಪೀ ಎನ್ನತೊಡಗಿದ. ಕೈ ಸುಮ್ಮನಿರದು. ಸ್ಟೂಲಿನ ಮೇಲೆ ಕೂತೇ ಬಲಗೈ ಗಾಳಿಯಲ್ಲಿ ಲಿವರ್ ಎತ್ತುವುದು, ಇಳಿಸುವುದು. ಅವನಿಗೆ ನಿಜಕ್ಕೂ ದುಃಖವಾಗುತ್ತಿತ್ತು. ತಾನು ಅಷ್ಟು ವರ್ಷ ಕನ್ನಡಿಯ ಹಾಗೆ ಇಟ್ಟುಕೊಂಡಿದ್ದ ಮೈದಾನ ಕಣ್ಣೆದುರೇ ಕೆದರಿದ ತಲೆಯಾಗುತ್ತಿತ್ತು.

ಮನೆಗೆ ಬಂದರೆ ಮಾವ ಕಾದಿರುತ್ತಿದ್ದರು. "ಏನಮ್ಮಾ, ನಿನ್ನ ಗಂಡ ಇವತ್ತು ಎಷ್ಟು ಹುಲ್ಲು ಕತ್ತರಿಸಲಿಲ್ಲ ಅಂತ ಕೇಳು."

ಒಂದು ದಿನ ತಡೆಯಲಾರದೆ ಅವನು ದೊಡ್ಡ ಸಾಹೇಬರ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಎಲ್ಲ ಹೇಳಿಬಿಟ್ಟ. ಬ್ಲೇಡು ಬಾಗಿದ್ದು, ವೆಲ್ಡಿಂಗ್ ಅಂಗಡಿ, ಇಲ್ಲದ ಆರ್ಡರ್, ಎಲ್ಲ. ಗುಟ್ಟು ಎಂದುಕೊಂಡೇ ಹೇಳಿದ, ಆದರೆ ಹೊರಗೆ ವರಾಂಡದಲ್ಲಿದ್ದ ಗುಮಾಸ್ತನಿಗೂ ಸ್ಪಷ್ಟವಾಗಿ ಕೇಳಿಸಿತು.

ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ಆ ಫೈಲಿನಲ್ಲಿ ಈಗ ಹನ್ನೊಂದು ಜನರ ಸಹಿ ಇದೆ. ಹನ್ನೊಂದು ಜನ ಸಹಿ ಮಾಡಿದ ಮೇಲೆ ಅದು ಸುಳ್ಳು ಹೇಗಾಗುತ್ತೆ? ಸುಳ್ಳು ಹೇಳ್ತಿರೋರು ಈಗ ನೀವು."

"ಇಲ್ಲ ಸಾರ್, ನಿಜ..."

"ಬ್ಲೇಡ್ ಬಾಗಿದ್ದು ನಿಜ ಅಂತ ಬರೆದುಕೊಡ್ತೀರಾ? ಕೆಂಪು ಶಾಯೀಲಿ ಹಾಕಿಸ್ತೀನಿ. ಬೇಡ ತಾನೇ? ಹೋಗಿ, ಸೀಟಿ ಊದಿ. ಬರೋ ತಿಂಗಳು ಸಮಾರಂಭ ಇದೆ. ನಿಮಗೆ ಸನ್ಮಾನ ಮಾಡ್ತಿದ್ದೀವಿ."

ಆಹ್ವಾನ ಪತ್ರಿಕೆ ಅಚ್ಚಾಗಿ ಮನೆಗೆ ಬಂತು. ದಪ್ಪ ಕಾಗದ, ಅಂಚಿಗೆಲ್ಲ ಹಳದಿ ಹೂ. ಸಮಾರಂಭದ ಹಿಂದಿನ ಸಂಜೆ ಮಾವ ಕಿಟಕಿಯ ಬೆಳಕಿಗೆ ಅದನ್ನು ಹಿಡಿದು, ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದರು.

"'ಸತತ ಆರು ತಿಂಗಳ ಕಾಲ ಮೈದಾನದಲ್ಲಿ ಯಾವುದೇ ಕೆಲಸ ಕೈಗೊಳ್ಳದೆ, ಒಂದು ಕಡ್ಡಿ ಹುಲ್ಲನ್ನೂ ಕತ್ತರಿಸದೆ, ಮಾದರಿಯಾದ ನೌಕರನಿಗೆ ಸನ್ಮಾನ.'"

ಅಡುಗೆಮನೆಯಲ್ಲಿ ಹೆಂಡತಿ ನಲ್ಲಿ ನಿಲ್ಲಿಸಿದಳು.

"ಕೇಳಿಸ್ಕೊಂಡೇನಮ್ಮಾ?" ಮಾವನ ಧ್ವನಿಯಲ್ಲಿ ವಿಜಯವಿರಲಿಲ್ಲ, ಬರೀ ಸಮಾಧಾನ. "ಮೂವತ್ತು ವರ್ಷದಿಂದ ನಾನು ಹೇಳ್ಕೊಂಡು ಬಂದಿದ್ದನ್ನೇ ಅಚ್ಚು ಹಾಕ್ಸಿದ್ದಾರೆ. ದಪ್ಪ ಕಾಗದದಲ್ಲಿ. ಇದಕ್ಕೆ ಕಟ್ಟು ಹಾಕ್ಸು. ಆ ಎದುರಿನ ಗೋಡೆಗೆ ತೂಗಿಹಾಕೋಣ. ಮೊಳೆ ಇದೆಯಂತಲ್ಲ?"

ಉತ್ತರ ಗುರ್ರಣ್ಣನಿಗೆ ಮೂರು ತಾಸು ತಡ ಎಂದು ಆಗಲೇ ಹೇಳಿದ್ದೇನೆ. ಈ ಸಲ ಇಡೀ ರಾತ್ರಿ ಬೇಕಾಯಿತು. ಬೆಳಕು ಹರಿಯುವ ಹೊತ್ತಿಗೆ ಉತ್ತರ ಹೊಳೆದಿತ್ತು, ಆದರೆ ಅದು ಮಾತಿನಲ್ಲಿ ಇರಲಿಲ್ಲ. ಎದ್ದು ಅಂಗಿ ತೊಟ್ಟುಕೊಂಡ.

"ಎಲ್ಲಿಗ್ರೀ ಇಷ್ಟು ಬೇಗ? ಸಮಾರಂಭ ಹತ್ತು ಗಂಟೆಗಲ್ವಾ?" ಎಂದಳು ಹೆಂಡತಿ.

"ಕೆಲಸಕ್ಕೆ ಕಣೇ."

ಅವಳು ಅವನ ಮುಖ ನೋಡಿದಳು. ಬುತ್ತಿ ಕಟ್ಟಿಕೊಟ್ಟಳು.

ಶೆಡ್ಡಿನ ಟಾರ್ಪಾಲು ಎಳೆದ. ಮಷಿನ್ ಎರಡು ಸಲ ಕೆಮ್ಮಿತು, ಮೂರನೆಯ ಸಲ ಗುರ್ರ್ ಎಂದಿತು. ಅಯ್ಯೋ, ಆ ಸದ್ದು ಕೇಳಿ ಅವನ ಕಣ್ಣಲ್ಲಿ ನೀರೇ ಬಂತು! ಗೋಡೆಗೆ ಅಂಟಿಕೊಂಡು ವಾಕಿಂಗ್ ಮಾಡುತ್ತಿದ್ದ ಮುದುಕರ ರೈಲು ನಿಂತಿತು. ಒಬ್ಬರು ಚಪ್ಪಾಳೆ ತಟ್ಟಿದರು. ಹೊರ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬಂದ. ಬೇಲಿ ಕಿತ್ತು ಪಕ್ಕಕ್ಕಿಟ್ಟ. ಪೈಪಿನ ಹತ್ತಿರ ಬಂದಾಗ ಈ ಸಲ ದೂರದಿಂದ ಸುತ್ತುಹಾಕಲಿಲ್ಲ. ಲಿವರ್ ಎತ್ತಿದ, ಒಂದು ಬೆರಳಷ್ಟು ಅಂತರ ಬಿಟ್ಟು ದುಂಡಗೆ ಸುತ್ತಿಸಿದ, ಇಳಿಸಿದ. ಒಂಬತ್ತೂವರೆಗೆ ಮೈದಾನ ಹೊಸದಾಗಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು. ಎಲ್ಲೂ ಒಂದು ಹಳದಿ ಚುಕ್ಕೆ ಇಲ್ಲ.

ಹತ್ತಕ್ಕೆ ಕುರ್ಚಿ, ಮೈಕು, ದೊಡ್ಡ ಸಾಹೇಬರು, ಸೂಪರ್‌ವೈಸರ್, ಗುಮಾಸ್ತ, ಎಲ್ಲ ಬಂದರು. ದೊಡ್ಡ ಸಾಹೇಬರು ಗೇಟಿನಲ್ಲೇ ನಿಂತುಬಿಟ್ಟರು. ಸೂಪರ್‌ವೈಸರ್ ತಮಗೆ ಇದರಲ್ಲಿ ಯಾವ ಸಂಬಂಧವೂ ಇಲ್ಲವೆನ್ನುವಂತೆ ಆಕಾಶ ನೋಡಿದರು. ಅಷ್ಟರಲ್ಲಿ ರಾಜಧಾನಿಯಿಂದ ಮುಖ್ಯ ಅತಿಥಿಗಳ ಕಾರು ಬಂದೇಬಿಟ್ಟಿತು.

ಅತಿಥಿಗಳು ಇಳಿದರು. ಮೈದಾನವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ತಾವು ಯಾವ ಸಮಾರಂಭಕ್ಕೆ ಬಂದಿದ್ದೇವೆ ಎಂದು ತಿಳಿಯಲು ಅವರೂ ಆಹ್ವಾನ ಪತ್ರಿಕೆ ಓದಿರಲಿಲ್ಲ.

"ಆಹಾ! ಎಂಥ ಮೈದಾನ! ನಾನು ಎಷ್ಟೋ ಊರು ನೋಡಿದ್ದೀನಿ, ಇಷ್ಟು ಚೆನ್ನಾಗಿ ಹುಲ್ಲು ಕತ್ತರಿಸಿರೋದು ಎಲ್ಲೂ ನೋಡಿಲ್ಲ. ಯಾರ ಮುತುವರ್ಜಿ ಇದು?"

ಮಷಿನಿನ ಪಕ್ಕ ನಿಂತಿದ್ದ ಗುರ್ರಣ್ಣ ಬಾಯಿ ತೆರೆದ. ಅವನಿಗಿಂತ ಮುಂಚೆ ದೊಡ್ಡ ಸಾಹೇಬರು ಎರಡು ಹೆಜ್ಜೆ ಮುಂದೆ ಬಂದಿದ್ದರು.

"ನನ್ನದೇ ಸಾರ್," ಎಂದರು ತಲೆ ಬಗ್ಗಿಸಿ.

ಅತಿಥಿಗಳು ಅವರ ಕೈ ಕುಲುಕಿದರು. ಸನ್ಮಾನ ಅವರಿಗೇ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುರ್ರಣ್ಣನೂ ತಟ್ಟಿದ, ಹಾಗೆ ತಟ್ಟಲು ಎಡಗೈಯನ್ನು ಜೇಬಿನಿಂದ ತೆಗೆಯಬೇಕಾಯಿತು.

ಕೆಂಪು ಶಾಯಿ ಮಾರನೆಯ ದಿನ ಬಂತು. ಫೈಲಿನಲ್ಲಿ ಹನ್ನೊಂದು ಸಹಿ ಇರುವಾಗ ಯಾರಾದರೂ ಒಬ್ಬರು ತಪ್ಪು ಮಾಡಿರಲೇಬೇಕು. ಗುಮಾಸ್ತ ಹೊಸ ನಿಬ್ಬು ಹಾಕಿಕೊಂಡು ಕೂತ. ತಪ್ಪು ದೊಡ್ಡದಾಗಿ ಕಾಣಲಿ ಎಂದು ಒಂದೊಂದು ಪದವನ್ನೂ ಆರಿಸಿ ಆರಿಸಿ ಬರೆದ. ಮೂರು ದಿನ ಕಳೆಯುವಷ್ಟರಲ್ಲಿ ಮೈದಾನದ ತುಂಬ ಹಳದಿ ಹೂ ಮತ್ತೆ ತಲೆಯೆತ್ತಿತು. ಅದು ಅಂಥದೇ ಜಾತಿ, ಅದಕ್ಕೆ ಬ್ಲೇಡು ಒಂದು ಲೆಕ್ಕವೇ ಅಲ್ಲ. ಆದರೆ ಪುಸ್ತಕದಲ್ಲಿ ಬರೆದದ್ದನ್ನು ಯಾರೂ ಅಳಿಸಲಿಲ್ಲ.

ಅದರ ಒಂದು ನಕಲನ್ನು ನೌಕರನ ಕೈಗೆ ಕೊಡಬೇಕೆನ್ನುವುದು ನಿಯಮ. ಗುರ್ರಣ್ಣ ಅದನ್ನು ಎಂಟು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ತುರುಕಿಕೊಂಡು ಮನೆಗೆ ಬಂದ. ಮೂವತ್ತು ವರ್ಷದ ಪುಸ್ತಕ, ಕೊನೆಯ ತಿಂಗಳಲ್ಲಿ ಹಾಳಾಯಿತಲ್ಲ! ರಾತ್ರಿ ಊಟವೂ ಸೇರಲಿಲ್ಲ. ಬೆಳಿಗ್ಗೆ ಹೆಂಡತಿ ಅಂಗಿ ಒಗೆಯಲು ತೆಗೆದವಳು ಜೇಬು ನೋಡಿದಳು, ಕಾಗದ ಬಿಚ್ಚಿದಳು, ಓದಿದಳು. ಅವನು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಂತೆಯೇ ಸೀದಾ ಹೋಗಿ ಅಪ್ಪನ ಮಡಿಲಲ್ಲಿ ಹಾಕಿದಳು.

"ಓದಪ್ಪಾ. ಇದನ್ನೂ ಗಟ್ಟಿಯಾಗೇ ಓದು."

ಮಾವ ಕನ್ನಡಕ ಏರಿಸಿದರು. "'ಸದರಿ ನೌಕರನು ಮೇಲಧಿಕಾರಿಗಳ ಅಪ್ಪಣೆ ಇಲ್ಲದೆ, ಬೆಳಗಿನ ಜಾವದಿಂದಲೇ, ಯಾರ ಸಹಾಯವನ್ನೂ ಪಡೆಯದೆ, ಇಡೀ ಮೈದಾನದ ಹುಲ್ಲನ್ನು ಅಚ್ಚುಕಟ್ಟಾಗಿ, ಪೂರ್ತಿಯಾಗಿ, ಒಂದು ಕಡ್ಡಿಯನ್ನೂ ಬಿಡದ ಹಾಗೆ ಕತ್ತರಿಸಿರುತ್ತಾನೆ.'"

ಓದಿ ನಿಲ್ಲಿಸಿದರು. ಮತ್ತೆ ಮೊದಲಿಂದ, ಈ ಸಲ ಮನಸ್ಸಿನಲ್ಲೇ, ತುಟಿ ಆಡಿಸುತ್ತ ಓದಿದರು. ಕೆಂಪು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು. ಗುರ್ರಣ್ಣ ಬಾಗಿಲಿಗೆ ಒರಗಿ ತಪ್ಪಿತಸ್ಥನಂತೆ ನಿಂತಿದ್ದ.

ಮಾವ ತಲೆಯೆತ್ತಿದರು. ಮಗಳ ಕಡೆ ನೋಡಲಿಲ್ಲ.

"ಒಂದು ಕಡ್ಡೀನೂ ಬಿಡದ ಹಾಗಾ?"

ಗುರ್ರಣ್ಣ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. "ಬಿಟ್ಟಿಲ್ಲ ಮಾವ."

"ಆ ಕೆಂಪು ಬಿಳಿ ಪೈಪಿನ ಸುತ್ತ?"

"ಅಲ್ಲೂ ಬಿಟ್ಟಿಲ್ಲ."

"ಅಂಚು ಹೇಗೆ ಬಂತು?"

"ದುಂಡಗೆ ಬಂತು ಮಾವ. ಒಂದು ಬೆರಳು ಅಂತರ. ಎಲ್ಲೂ ಸೊಟ್ಟ ಇಲ್ಲ."

ಮಾವ ತಲೆದೂಗಿದರು. ಅಂಚು ಎಂದರೇನೆಂದು ನಲವತ್ತೈದು ವರ್ಷ ಕತ್ತರಿ ಹಿಡಿದವರಿಗೆ ಗೊತ್ತು. ನಿಧಾನವಾಗಿ ಎದುರಿನ ಕುರ್ಚಿಯ ಮೇಲಿದ್ದ ಕಾಲನ್ನು ಕೆಳಗಿಳಿಸಿದರು. ಮೊದಲು ಒಂದು, ಆಮೇಲೆ ಇನ್ನೊಂದು.

"ಕೂತ್ಕೊಳ್ಳಿ ಅಳಿಯಂದ್ರೇ."

ಅಡುಗೆಮನೆಯಲ್ಲಿ ಒಂದು ಲೋಟ ಕೆಳಗೆ ಬಿತ್ತು. ಗುರ್ರಣ್ಣ ಕುರ್ಚಿಯ ತುದಿಯಲ್ಲಿ ಕೂತ. ಮಾವ ಕಾಗದ ಮಡಿಸಿದರು, ಬಿಚ್ಚಿದರು, ಗಂಟಲು ಸರಿಮಾಡಿಕೊಂಡರು.

"ನಾನು ಮೂರು ಕೋಟು ಕೆಡಿಸಿದ್ದೀನಿ ಅಂತ ಹೇಳ್ತಿದ್ದೆನಲ್ಲ."

"ಹೌದು ಮಾವ. ವಕೀಲರದ್ದು, ಡಾಕ್ಟರದ್ದು, ಬ್ಯಾಂಡಿನವನದ್ದು."

"ನಾಲ್ಕನೇದೂ ಒಂದಿದೆ." ಮಾವ ಕಿಟಕಿಯ ಹೊರಗೆ ನೋಡಿದರು. "ನಿಮ್ಮ ಕೈ ಸರಿಯಾಗೇ ಇದೆ ಅಳಿಯಂದ್ರೇ."

ಗುರ್ರಣ್ಣನಿಗೆ ಅರ್ಥವಾಗಲು ಈ ಸಲ ಮೂರು ತಾಸು ಹಿಡಿಯಲಿಲ್ಲ. ಜೇಬಿನಿಂದ ಎಡಗೈ ತೆಗೆದ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆರಳ ತುದಿಗಳನ್ನು ಜೋಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ನೂಲಿನಷ್ಟೂ ವ್ಯತ್ಯಾಸ ಇರಲಿಲ್ಲ.